ಎರಡು ಬಾಟಲಿ, ಒಂದೇ ಹೆಸರು: ಸ್ಕಿನ್‌ಕೇರ್‌ನ ಜೊತೆ ಅಂಶಗಳನ್ನು ಹೋಲಿಸುವ ಸಮಗ್ರ ಮಾರ್ಗದರ್ಶಿ

ಹಾಸನದ ಬಿ.ಎಂ. ರಸ್ತೆಗೆ ಹತ್ತಿರ ನಮ್ಮ ಮನೆಯವರದ್ದು ಮೆಡಿಕಲ್ ಶಾಪ್. ಸಂಜೆ ಐದರಿಂದ ಎಂಟರವರೆಗೆ ಕೌಂಟರ್‌ನಲ್ಲಿ ನಾನಿರುತ್ತೇನೆ. ಆ ಮೂರು ಗಂಟೆಯಲ್ಲಿ ಒಬ್ಬರಾದರೂ ಎರಡು ಬಾಕ್ಸ್ ಮುಂದಿಟ್ಟು ಕೇಳುತ್ತಾರೆ: "ಅಕ್ಕಾ, ಎರಡರಲ್ಲೂ ನಿಯಾಸಿನಮೈಡ್ ಶೇ 5 ಅಂತಲೇ ಇದೆ. ಒಂದಕ್ಕೆ 299, ಇನ್ನೊಂದಕ್ಕೆ 649. ಯಾವುದು ತಗೊಳ್ಳಲಿ?" ನಿಯಾಸಿನಮೈಡ್ ಅಂದರೆ ವಿಟಮಿನ್ ಬಿ3ಯ ಒಂದು ರೂಪ.

ಹಿಂದುಗಡೆ ಇರೋ ಅಂಶಗಳ ಪಟ್ಟಿ ಓದಿ ನೋಡಿ ಅಂತ ಹೇಳಿ ಕಳಿಸುತ್ತಿದ್ದೆ. ಓದುತ್ತಾರೆ, ಪಾಪ. ಆದರೆ ಒಬ್ಬರು ಹೆಸರುಗಳನ್ನು ಎಣಿಸಿ ಜಾಸ್ತಿ ಇರುವುದನ್ನು ಆರಿಸುತ್ತಾರೆ, ಇನ್ನೊಬ್ಬರು ಕೇಸರಿ ಕಂಡ ತಕ್ಷಣ ದುಡ್ಡು ತೆಗೆಯುತ್ತಾರೆ, ಮತ್ತೊಬ್ಬರು ಬಾಯಿಗೆ ಬಾರದ ಹೆಸರು ಕಂಡರೆ "ಕೆಮಿಕಲ್" ಅಂತ ಹೆದರಿ ಬಾಕ್ಸ್ ಕೆಳಗಿಡುತ್ತಾರೆ. ತಿಂಗಳು ಕಳೆದ ಮೇಲೆ ಮುಖ ಉರಿ ಅಂತಲೋ, ಮೊಡವೆ ಎದ್ದಿತು ಅಂತಲೋ ಅದೇ ಕೌಂಟರ್‌ಗೆ ವಾಪಸ್. ಅದಕ್ಕೇ ನಾನು ಮಾಡುವ ಕ್ರಮವನ್ನು ಮೊದಲಿಂದ ಕೊನೆವರೆಗೆ ಬರೆದಿಡುತ್ತಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಎಡವಟ್ಟೆಲ್ಲ ಆಗುವುದು ಅಲ್ಲೇ.

ಒಂದು ಮಾತು ಮೊದಲೇ ಹೇಳುತ್ತೇನೆ. ಬಾಕ್ಸ್ ಮುಂದೆ ದೊಡ್ಡದಾಗಿ ಬರೆದಿರುವುದು ಮುಖ್ಯ ಅಂಶ. ಅದು ಶೇ 5 ಇದ್ದರೆ ಮಿಕ್ಕ ಶೇ 95 ಏನು? ನೀರು, ತೇವ ಹಿಡಿಯುವವು, ಎಣ್ಣೆ, ಗಟ್ಟಿ ಮಾಡುವವು, ಕೆಡದಂತೆ ಕಾಯುವವು, ಪರಿಮಳ. ಇವನ್ನೇ ನಾನು ಜೊತೆ ಅಂಶ ಅನ್ನುವುದು. ಮುಖ್ಯ ಅಂಶ ಎರಡರಲ್ಲೂ ಒಂದೇ ಆದಾಗ ಮುಖಕ್ಕೆ ಗೊತ್ತಾಗುವ ವ್ಯತ್ಯಾಸ ಬಹುಪಾಲು ಇವುಗಳದ್ದೇ.

ಮೊದಲು ಕೈಗೆ ಇಟ್ಟುಕೊಳ್ಳಬೇಕಾದ್ದು

ಎರಡೂ ಬಾಕ್ಸ್ ಕೈಯಲ್ಲೇ ಇರಲಿ, ಅಥವಾ ಹಿಂಬದಿಯ ಸ್ಪಷ್ಟ ಫೋಟೋ ಇರಲಿ. ಆನ್‌ಲೈನ್ ಅಂಗಡಿಯ ಪುಟದಲ್ಲಿ ಹಾಕಿರುವ ಪಟ್ಟಿಯನ್ನು ನಂಬಬೇಡಿ. ಕಂಪನಿಗಳು ಫಾರ್ಮುಲಾ ಬದಲಿಸುತ್ತಿರುತ್ತವೆ, ಪುಟದಲ್ಲಿ ಹಳೆಯದೇ ಉಳಿದಿರುತ್ತದೆ. ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಬಾಟಲಿಯ ಮೇಲೆ ಬರೆಯಲು ಒಂದು ಮಾರ್ಕರ್. ಅಕ್ಷರ ಇರುವೆ ಗಾತ್ರದಲ್ಲಿ ಇರುತ್ತವೆ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ಅಳೆಯುವ ಬಣ್ಣದ ಕಾಗದ ಬೇಕಾ ಅಂತ ಕೇಳುತ್ತಾರೆ. ಫೇಸ್‌ವಾಶ್‌ಗೆ, ನೀರಿನಂಥ ಟೋನರ್‌ಗೆ ಸ್ವಲ್ಪ ಉಪಯೋಗ. ಕ್ರೀಮ್‌ಗೆ ಹಚ್ಚಿದರೆ ಸರಿಯಾದ ಬಣ್ಣ ತೋರಿಸುವುದಿಲ್ಲ. ಸುಮ್ನೆ ದುಡ್ಡು ದಂಡ.

ಹಂತ 1: ಹೋಲಿಸಬಹುದಾದ ಜೋಡಿಯೇ ಅಂತ ನೋಡಿ

ಸೀರಮ್‌ಗೆ ಸೀರಮ್, ಕ್ರೀಮ್‌ಗೆ ಕ್ರೀಮ್, ತೊಳೆಯುವುದಕ್ಕೆ ತೊಳೆಯುವುದು. ಮುಖ್ಯ ಅಂಶ ಒಂದೇ ಇರಬೇಕು, ಪ್ರಮಾಣವೂ ಹತ್ತಿರ ಹತ್ತಿರ ಇರಬೇಕು. ಶೇ 5ರ ನಿಯಾಸಿನಮೈಡ್‌ನ ಪಕ್ಕ ಶೇ 10ರದ್ದನ್ನು ಇಟ್ಟರೆ, ಆಮೇಲೆ ಮುಖ ಉರಿದಾಗ ಉರಿಸಿದ್ದು ಜೊತೆ ಅಂಶವೋ ಹೆಚ್ಚಾದ ಪ್ರಮಾಣವೋ ಅಂತ ಗೊತ್ತೇ ಆಗುವುದಿಲ್ಲ.

ಸನ್‌ಸ್ಕ್ರೀನ್‌ಗೆ ಈ ವಿಧಾನ ಬೇಡ. ಅದು ಎಷ್ಟು ಕಾಯುತ್ತದೆ ಅನ್ನುವುದು ಚರ್ಮದ ಮೇಲೆ ಎಷ್ಟು ಸಮನಾಗಿ ಹರಡಿ ನಿಲ್ಲುತ್ತದೆ ಅನ್ನುವುದರ ಮೇಲಿದೆ. ಪಟ್ಟಿ ನೋಡಿದರೆ ಅದು ತಿಳಿಯುವುದಿಲ್ಲ.

ಇಲ್ಲೇ ಎರಡು ಎಚ್ಚರಿಕೆ. ಒಂದು, ಪಟ್ಟಿಯಲ್ಲಿ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್ ಔಷಧಿ. ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬಾರದು. ಬೆಳ್ಳಗಾಗಲಿ ಅಂತ ವರ್ಷಗಟ್ಟಲೆ ಹಚ್ಚಿ, ಮುಖ ತೆಳ್ಳಗಾಗಿ ಕೆಂಪು ನರ ಕಾಣುವ ಹಾಗೆ ಮಾಡಿಕೊಂಡವರನ್ನು ನಾನೇ ನೋಡಿದ್ದೇನೆ. ಅಂಥವರು ಒಂದೇ ಸಲ ನಿಲ್ಲಿಸಿಬಿಡುವುದೂ ಕಷ್ಟ, ಚರ್ಮದ ಡಾಕ್ಟರ್ ಹತ್ತಿರ ಹೋಗಿಯೇ ಬಿಡಿಸಿಕೊಳ್ಳಬೇಕು. ಎರಡು, ಅಂಶಗಳ ಪಟ್ಟಿ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ಯಾವುದೂ ಇಲ್ಲದ ಡಬ್ಬಿ. ಫೇರ್‌ನೆಸ್ ಕ್ರೀಮ್‌ಗಳಲ್ಲಿ ಇದು ಜಾಸ್ತಿ, ಪಾದರಸ ಸಿಕ್ಕಿರುವುದೂ ಇಂಥ ಡಬ್ಬಿಗಳಲ್ಲೇ. ಅದನ್ನು ಹೋಲಿಕೆಗೇ ತರಬೇಡಿ.

ಪಟ್ಟಿ ಮಾತ್ರ ಇಲ್ಲ, ಮಿಕ್ಕದ್ದೆಲ್ಲ ಸರಿಯಾಗಿದೆ ಅಂದರೆ? ನಮ್ಮ 2020ರ ಸೌಂದರ್ಯವರ್ಧಕ ನಿಯಮದಲ್ಲಿ 60 ಎಂಎಲ್‌ಗಿಂತ ಚಿಕ್ಕ ದ್ರವದ ಪ್ಯಾಕ್, 30 ಗ್ರಾಂಗಿಂತ ಚಿಕ್ಕ ಕ್ರೀಮ್‌ನ ಪ್ಯಾಕ್‌ಗೆ ಪಟ್ಟಿ ಹಾಕುವುದರಿಂದ ವಿನಾಯಿತಿ ಇದೆ. ಸೀರಮ್‌ಗಳು ಬಹಳಷ್ಟು 30 ಎಂಎಲ್‌ನವೇ ಅಲ್ವಾ? ಆದರೂ ಒಳ್ಳೆಯ ಕಂಪನಿಗಳು ಹಾಕುತ್ತವೆ. ಹಾಕದವರ ಮಾಲನ್ನು ನಾನಂತೂ ಪಕ್ಕಕ್ಕಿಡುತ್ತೇನೆ.

ಹಂತ 2: ಎರಡು ಕಾಲಂ ಮಾಡಿ ಬರೆದುಕೊಳ್ಳಿ

ನೋಟ್‌ಬುಕ್‌ನಲ್ಲಿ ಎಡಗಡೆ ಒಂದು, ಬಲಗಡೆ ಇನ್ನೊಂದು. ಬಾಕ್ಸ್‌ನಲ್ಲಿ ಇರುವ ಕ್ರಮದಲ್ಲೇ, ಒಂದು ಸಾಲಿಗೆ ಒಂದು ಹೆಸರು, ಪಕ್ಕದಲ್ಲಿ ನಂಬರ್. ಸೋಮಾರಿತನ ಮಾಡಿ ಕಣ್ಣಲ್ಲೇ ಓದಿ ಮುಗಿಸಬೇಡಿ. ಬರೆಯುವಾಗ ಮಾತ್ರ ಯಾವುದು ಮೇಲಿದೆ, ಯಾವುದು ಕೆಳಗಿದೆ ಅನ್ನುವುದು ತಲೆಗೆ ಹೋಗುತ್ತದೆ.

ಎರಡರಲ್ಲೂ ಇರುವ ಹೆಸರುಗಳನ್ನು ಈಗಲೇ ಹೊಡೆದುಹಾಕಬೇಡಿ. ತುಂಬಾ ಜನ ಮಾಡುವ ತಪ್ಪು ಇದು. ಗ್ಲಿಸರಿನ್ ಒಂದರಲ್ಲಿ ಎರಡನೆಯ ಸಾಲಿನಲ್ಲಿದೆ, ಇನ್ನೊಂದರಲ್ಲಿ ಹದಿನಾಲ್ಕನೆಯ ಸಾಲಿನಲ್ಲಿದೆ ಅಂದರೆ ಅದು "ಎರಡರಲ್ಲೂ ಇದೆ" ಅನ್ನುವ ಲೆಕ್ಕಕ್ಕೆ ಬರುವುದಿಲ್ಲ.

ಹಂತ 3: ಶೇ 1ರ ಗೆರೆ ಎಳೆಯಿರಿ

ಇದೊಂದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಶೇ 1ಕ್ಕಿಂತ ಜಾಸ್ತಿ ಇರುವ ಅಂಶಗಳನ್ನು ಹೆಚ್ಚಿನಿಂದ ಕಡಿಮೆಯ ಕ್ರಮದಲ್ಲೇ ಬರೆಯಬೇಕು ಅನ್ನುತ್ತದೆ ನಿಯಮ. ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಅಲ್ಲೇ ಆಟ ಇರುವುದು. ಕೇಸರಿಯ ಸಾರ ಶೇ 0.01 ಇದ್ದರೂ ಅದನ್ನು ಆ ಗುಂಪಿನ ಮೊದಲಲ್ಲಿ ಹಾಕಿದರೆ ನೋಡುವವರಿಗೆ ಜಾಸ್ತಿ ಇದೆ ಅನ್ನಿಸುತ್ತದೆ.

ಹಾಗಾದರೆ ಗೆರೆ ಎಲ್ಲಿ? ಶೇ 1 ದಾಟದ ಕೆಲವು ಹೆಸರುಗಳನ್ನು ಗುರುತಿಟ್ಟುಕೊಳ್ಳಿ. ಫಿನಾಕ್ಸಿಎಥನಾಲ್, ಕೆಡದಂತೆ ಕಾಯುವುದು. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಅದರ ಮಿತಿಯೇ ಶೇ 1. ಗಟ್ಟಿ ಮಾಡುವ ಕಾರ್ಬೋಮರ್ ಮತ್ತು ಎಕ್ಸ್ ಅಕ್ಷರದಿಂದ ಶುರುವಾಗುವ ಝಾಂಥನ್ ಗಮ್, ಎರಡೂ ಸಾಮಾನ್ಯವಾಗಿ ಶೇ 0.1ರಿಂದ 0.5. ಡೈಸೋಡಿಯಂ ಇಡಿಟಿಎ ಇನ್ನೂ ಕಡಿಮೆ. ಸೋಡಿಯಂ ಹೈಲುರೋನೇಟ್ ಕೂಡ ಶೇ 1ರ ಒಳಗೇ, ಯಾಕೆಂದರೆ ಜಾಸ್ತಿ ಹಾಕಿದರೆ ಲೋಳೆಯಾಗಿ ಕೈಗೆ ಅಂಟುತ್ತದೆ. ಪಟ್ಟಿಯಲ್ಲಿ ಮೇಲಿಂದ ಇಳಿಯುತ್ತಾ ಇವುಗಳಲ್ಲಿ ಯಾವುದು ಮೊದಲು ಸಿಗುತ್ತದೋ ಅದರ ಮೇಲ್ಗಡೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಅದರ ಕೆಳಗಿರುವುದೆಲ್ಲ ಶೇ 1 ಅಥವಾ ಅದಕ್ಕಿಂತ ಕಡಿಮೆ. ಗೆರೆಗೆ ತಾಗಿಕೊಂಡು ಮೇಲಿರುವ ಒಂದೆರಡು ಹೆಸರು ಮಾತ್ರ ಆಕಡೆಯೋ ಈಕಡೆಯೋ ಹೇಳಲಾಗುವುದಿಲ್ಲ. ಅವಕ್ಕೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ.

ಇನ್ನೊಂದು ಅಳತೆಗೋಲು ಬಾಕ್ಸ್ ಮೇಲೇ ಇದೆ. ಮುಖ್ಯ ಅಂಶ ಶೇ 5 ಅಂತ ಅವರೇ ಹೇಳಿದ್ದಾರೆ. ಅಂದಮೇಲೆ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಯಾವುದೂ ಶೇ 5ಕ್ಕಿಂತ ಕಡಿಮೆ ಇರಲಾರದು. ಅದರ ಕೆಳಗೆ, ಗೆರೆಯ ಮೇಲೆ ಇರುವುದು ಶೇ 1ರಿಂದ 5ರ ನಡುವೆ. ಮುಖ್ಯ ಅಂಶದ ಕೆಳಗೆ ನೀಲಿ ಪೆನ್ನಿನಲ್ಲಿ ಇನ್ನೊಂದು ಗೆರೆ. ಈಗ ಪ್ರತಿ ಕಾಲಂ ಮೂರು ಭಾಗ ಆಯಿತು.

ಎಚ್ಚರಿಕೆ: ಗೆರೆಯ ಕೆಳಗಿದ್ದ ಮಾತ್ರಕ್ಕೆ ಕೆಲಸಕ್ಕೆ ಬಾರದ್ದು ಅಂತ ತಿಳಿಯಬೇಡಿ. ರೆಟಿನಾಲ್, ಅಂದರೆ ವಿಟಮಿನ್ ಎ ಜಾತಿಯದು, ಶೇ 0.3 ಇದ್ದರೂ ಕೆಲಸ ಮಾಡುತ್ತದೆ. ಸೆರಮೈಡ್‌ಗಳು, ಅಂದರೆ ಚರ್ಮದಲ್ಲೇ ಇರುವ ಕೊಬ್ಬಿನಂಥ ಅಂಶಗಳು, ಸ್ವಲ್ಪವೇ ಹಾಕುವಂಥವು. ಪರಿಮಳವೂ ಸಾಮಾನ್ಯವಾಗಿ ಶೇ 1ರ ಒಳಗೇ ಇರುತ್ತದೆ, ಆದರೂ ಅಲರ್ಜಿ ಎಬ್ಬಿಸಲು ಅಷ್ಟು ಧಾರಾಳ ಸಾಕು.

ಹಂತ 4: ಕೆಲಸದ ಪ್ರಕಾರ ಗುಂಪು ಮಾಡಿ

ಪ್ರತಿ ಹೆಸರಿನ ಮುಂದೆ ಅದು ಏನು ಕೆಲಸ ಮಾಡುತ್ತದೆ ಅಂತ ಒಂದೊಂದು ಪದ ಬರೆಯಿರಿ. ಹೋಲಿಸುವುದು ಕೆಲಸಕ್ಕೆ ಕೆಲಸವನ್ನು. ಹೆಸರಿಗೆ ಹೆಸರನ್ನು ಹೋಲಿಸುತ್ತಾ ಕೂತರೆ ತಲೆ ಕೆಡುತ್ತದೆ ಅಷ್ಟೇ.

*ನೀರು ಹಿಡಿಯುವವು.* ಗ್ಲಿಸರಿನ್, ಬ್ಯುಟಿಲೀನ್ ಗ್ಲೈಕಾಲ್, ಪ್ರೊಪನೆಡಿಯಾಲ್, ಸೋಡಿಯಂ ಪಿಸಿಎ, ಯೂರಿಯಾ, ಪ್ಯಾಂಥೆನಾಲ್, ಹೈಲುರೋನೇಟ್. ಜನ ಹೈಲುರೋನಿಕ್ ಅಂತ ಓಡುತ್ತಾರೆ, ನಾನು ಮೊದಲು ನೋಡುವುದು ಗ್ಲಿಸರಿನ್ ಎಲ್ಲಿದೆ ಅಂತ. ಅಗ್ಗ, ಹಳೆಯದು, ಕೆಲಸ ಗಟ್ಟಿ. ತುಂಬಾ ಹಾಕಿದರೆ ಅಂಟಂಟು, ಅದೊಂದೇ ದೋಷ. ಯೂರಿಯಾ ಕಡಿಮೆ ಇದ್ದರೆ ತೇವ ಹಿಡಿಯುತ್ತದೆ, ಶೇ 10 ದಾಟಿದರೆ ಸತ್ತ ಚರ್ಮವನ್ನು ಬಿಡಿಸಲು ಶುರುಮಾಡುತ್ತದೆ. ಒಡೆದ ಹಿಮ್ಮಡಿಗೆ ಅದು ಬೇಕು, ಮುಖಕ್ಕೆ ಬೇಡ.

*ನುಣುಪು ಮಾಡುವವು ಮತ್ತು ಮುಚ್ಚುವವು.* ಸ್ಕ್ವಾಲೇನ್, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಶಿಯಾ ಬಟರ್ ಇವು ಚರ್ಮದ ಸಂದುಗಳನ್ನು ತುಂಬಿ ನುಣುಪು ಕೊಡುತ್ತವೆ. ಪೆಟ್ರೋಲೇಟಮ್, ಅಂದರೆ ನಮ್ಮ ವ್ಯಾಸಲೀನ್, ಮೇಲೆ ಕೂತು ನೀರು ಆವಿಯಾಗದಂತೆ ಮುಚ್ಚುತ್ತದೆ. ಈ ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ. ಡೈಮೆಥಿಕೋನ್ ಅನ್ನುವ ಸಿಲಿಕೋನ್ ಕೂಡ ಮುಚ್ಚುತ್ತದೆ, ಆದರೆ ಹಗುರ. ಸಿಲಿಕೋನ್ ಅಂದರೆ ರಂಧ್ರ ಕಟ್ಟಿಕೊಳ್ಳುತ್ತದೆ ಅನ್ನುವ ಭಯ ಬಿಡಿ. ಮೊಡವೆ ಏಳುವವರು ಹೆಚ್ಚು ಎಚ್ಚರ ವಹಿಸಬೇಕಾದ್ದು ತೆಂಗಿನೆಣ್ಣೆ, ಐಸೋಪ್ರೊಪೈಲ್ ಮಿರಿಸ್ಟೇಟ್ ಮೇಲಿನ ಸಾಲುಗಳಲ್ಲಿ ಇದ್ದಾಗ. ಅರಸೀಕೆರೆ ಕಡೆಯವರಿಗೆ ತೆಂಗಿನೆಣ್ಣೆ ಬೇಡ ಅಂದರೆ ಬೇಜಾರು, ಗೊತ್ತು. ಕೈಕಾಲಿಗೆ ಧಾರಾಳವಾಗಿ ಹಚ್ಚಿಕೊಳ್ಳಿ.

*ಆಲ್ಕೋಹಾಲ್ ಹೆಸರಿನವು.* ಅತಿ ಹೆಚ್ಚು ಗೊಂದಲ ಇಲ್ಲೇ. ಸೆಟೈಲ್ ಆಲ್ಕೋಹಾಲ್, ಸೆಟಿಯರಿಲ್ ಆಲ್ಕೋಹಾಲ್, ಸ್ಟಿಯರಿಲ್ ಆಲ್ಕೋಹಾಲ್ ಇವು ಮೇಣದಂಥ ಗಟ್ಟಿ ವಸ್ತು, ಕ್ರೀಮ್‌ಗೆ ಮೈ ಕೊಡುತ್ತವೆ, ಒಣಗಿಸುವುದಿಲ್ಲ. ಒಣಗಿಸುವುದು ಆಲ್ಕೋಹಾಲ್ ಡಿನ್ಯಾಚರ್ಡ್, ಎಥನಾಲ್, ಸುಮ್ನೆ "ಆಲ್ಕೋಹಾಲ್" ಅಂತ ಇರುವುದು. ಅದೂ ನೀಲಿ ಗೆರೆಯ ಮೇಲೆ ಇದ್ದರೆ ಮಾತ್ರ ತಲೆಕೆಡಿಸಿಕೊಳ್ಳಿ. ತಳದಲ್ಲಿ ಎಲ್ಲೋ ಇದ್ದರೆ ಯಾವುದೋ ಸಾರದ ಜೊತೆ ಬಂದಿರುತ್ತದೆ.

*ಕೆಡದಂತೆ ಕಾಯುವವು.* ನೀರಿರುವ ಯಾವುದೇ ವಸ್ತುವಿಗೆ ಇದು ಬೇಕೇ ಬೇಕು. ಫಿನಾಕ್ಸಿಎಥನಾಲ್, ಸೋಡಿಯಂ ಬೆಂಜೋಯೇಟ್, ಪೊಟ್ಯಾಶಿಯಂ ಸಾರ್ಬೇಟ್, ಪ್ಯಾರಾಬೆನ್‌ಗಳು. "ಪ್ರಿಸರ್ವೇಟಿವ್ ಇಲ್ಲ" ಅಂತ ಹೆಮ್ಮೆಯಿಂದ ಬರೆದ ನೀರಿನ ಕ್ರೀಮ್ ಕಂಡರೆ ನನಗೆ ಹೆದರಿಕೆ. ಪ್ಯಾರಾಬೆನ್ ಇಲ್ಲ ಅನ್ನುವುದೂ ದೊಡ್ಡ ಗುಣವೇನಲ್ಲ. ಚರ್ಮದ ಅಲರ್ಜಿ ನೋಡುವ ಅಮೆರಿಕದ ಡಾಕ್ಟರ್‌ಗಳ ಸಂಘ ವರ್ಷಕ್ಕೊಂದು ಅಲರ್ಜಿಕಾರಕವನ್ನು ಹೆಸರಿಸುತ್ತದೆ. 2019ರಲ್ಲಿ ಅವರು ಪ್ಯಾರಾಬೆನ್ ಅನ್ನು ಆರಿಸಿ "ಅಲರ್ಜಿ ಮಾಡದ್ದು" ಅಂತಲೇ ಕರೆದರು. ಅದೇ ಸಂಘ 2013ರಲ್ಲಿ ಹೆಸರಿಸಿದ್ದು ಮೀಥೈಲ್‌ಐಸೋಥಯಾಜೋಲಿನೋನ್. ಇದು ನಿಜವಾದ ತಂಟೆಕೋರ. ಹಚ್ಚಿ ಹಾಗೇ ಬಿಡುವ ವಸ್ತುಗಳಲ್ಲಿ ಐರೋಪ್ಯ ಒಕ್ಕೂಟ ಇದನ್ನು 2017ರಿಂದ ನಿಷೇಧಿಸಿದೆ. ತೊಳೆದುಬಿಡುವ ಶಾಂಪೂಗಳಲ್ಲಿ ಈಗಲೂ ಕಾಣುತ್ತದೆ.

ಕಾಯುವ ಅಂಶದ ಬಗ್ಗೆಯೇ ಇನ್ನೊಂದು ಮಾತು. ಹಿತ್ತಲಿನ ಲೋಳೆಸರ ಕಿತ್ತು ಅಂಗಡಿಯ ಕ್ರೀಮ್ ಡಬ್ಬಿಗೇ ಕಲಸಿಡುವವರು ಇದ್ದಾರೆ. ಆ ಕ್ರೀಮ್‌ನಲ್ಲಿ ಕಾಯುವ ಅಂಶ ಹಾಕಿರುವುದು ಅದರಷ್ಟಕ್ಕೆ ಮಾತ್ರ. ಹೊಸ ನೀರು, ಹೊಸ ಸಕ್ಕರೆ ಅಂಶ ಸೇರಿದರೆ ಅದರ ಕೈ ಸಾಲದು. ವಾರದಲ್ಲಿ ಬೂಷ್ಟು.

*ಪರಿಮಳ.* ಫ್ರಾಗ್ರೆನ್ಸ್, ಪರ್ಫಮ್, ಅರೋಮಾ, ಇಲ್ಲವೇ ಲ್ಯಾವೆಂಡರ್ ಎಣ್ಣೆ, ನಿಂಬೆ ಸಿಪ್ಪೆ ಎಣ್ಣೆ. ಪಟ್ಟಿಯ ತಳದಲ್ಲಿ ಲಿನಲೂಲ್, ಲಿಮೊನೀನ್, ಜೆರಾನಿಯಾಲ್, ಸಿಟ್ರಾಲ್ ಅಂತ ಕಂಡರೆ ಅವೆಲ್ಲ ಪರಿಮಳದ ಭಾಗಗಳೇ. ಲಿನಲೂಲ್, ಲಿಮೊನೀನ್ ತಾವಾಗಿ ಅಷ್ಟು ಕೆಟ್ಟವಲ್ಲ, ಗಾಳಿ ತಾಗಿ ತಾಗಿ ಬದಲಾದ ಮೇಲೆ ಅಲರ್ಜಿ ಎಬ್ಬಿಸುತ್ತವೆ. ಇದನ್ನು ನಾನು ಕತ್ತಿನ ಮೇಲೆ ಕಲಿತೆ. ಲ್ಯಾವೆಂಡರ್ ಎಣ್ಣೆ ಇದ್ದ ಒಂದು ಕ್ರೀಮ್, ಅಗಲ ಬಾಯಿಯ ಡಬ್ಬಿ. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೆಯ ತಿಂಗಳು ಕಿವಿಯ ಕೆಳಗಿಂದ ಕೊರಳಿನವರೆಗೆ ಕೆಂಪು ಪಟ್ಟೆ, ರಾತ್ರಿಯೆಲ್ಲ ತುರಿಕೆ. ಇಷ್ಟು ದಿನ ಒಗ್ಗಿದ್ದು ಈಗ್ಯಾಕೆ ಅಂತ ಬೇರೆ ಎಲ್ಲದರ ಮೇಲೂ ಅನುಮಾನ ಪಟ್ಟೆ, ಸರದ ಮೇಲೆ, ದುಪಟ್ಟಾ ಮೇಲೆ, ಹೊಸ ಸೋಪಿನ ಪುಡಿಯ ಮೇಲೆ. ಕ್ರೀಮ್ ಬಿಟ್ಟ ಹತ್ತು ದಿನಕ್ಕೆ ಇಳಿಯಿತು.

*ಮಿಕ್ಕವು.* ಇಡಿಟಿಎ ನೀರಿನ ಲೋಹದ ಅಂಶವನ್ನು ಕಟ್ಟಿಹಾಕುತ್ತದೆ. ಸಿಟ್ರಿಕ್ ಆಸಿಡ್, ಸೋಡಿಯಂ ಹೈಡ್ರಾಕ್ಸೈಡ್ ಪಿಎಚ್ ಸರಿಮಾಡಲು. ಇವುಗಳ ಹೆಸರು ಕೇಳಿ ಹೆದರಬೇಡಿ, ಹೋಲಿಕೆಯಲ್ಲಿ ಲೆಕ್ಕಕ್ಕೂ ತಗೊಳ್ಳಬೇಡಿ.

ಸೋಡಿಯಂ ಲಾರೋಯಿಲ್ ಲ್ಯಾಕ್ಟಿಲೇಟ್ ನೋಡಿ "ಅಯ್ಯೋ ಇದರಲ್ಲಿ ಎಸ್‌ಎಲ್‌ಎಸ್ ಇದೆ" ಅಂತ ಒಬ್ಬರು ಕ್ರೀಮ್ ವಾಪಸ್ ತಂದಿದ್ದರು. ಎಸ್‌ಎಲ್‌ಎಸ್ ಅಂದರೆ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಎರಡೂ ಬೇರೆ ಬೇರೆ. ಸೆರಮೈಡ್ ಕ್ರೀಮ್‌ಗಳಲ್ಲಿ ಸೆರಮೈಡ್ ಎನ್‌ಪಿ, ಎಪಿ, ಇಒಪಿ, ಕೊಲೆಸ್ಟರಾಲ್, ಫೈಟೋಸ್ಫಿಂಗೋಸಿನ್, ಕಾರ್ಬೋಮರ್, ಝಾಂಥನ್ ಗಮ್ ಜೊತೆಗೆ ಈ ಲ್ಯಾಕ್ಟಿಲೇಟೂ ಹಿಂಡಾಗಿ ಕಾಣುತ್ತದೆ. ಅದು ಒಟ್ಟಿಗೇ ಸಿಗುವ ತಯಾರು ಮಿಶ್ರಣ. ಎರಡು ಕ್ರೀಮ್‌ನಲ್ಲೂ ಇದೇ ಹಿಂಡು ಇದ್ದರೆ ಸೆರಮೈಡ್ ವಿಷಯದಲ್ಲಿ ಎರಡೂ ಒಂದೇ ಜಾತಿ ಅಂತ ಬರೆದುಕೊಳ್ಳಿ.

ಹಂತ 5: ಈಗ ಪಕ್ಕಪಕ್ಕ ಇಟ್ಟು ನೋಡಿ

299 ಮತ್ತು 649ರ ಜೋಡಿಯನ್ನೇ ತಗೊಳ್ಳೋಣ. ಎರಡೂ 30 ಎಂಎಲ್. ಕಂಪನಿ ಹೆಸರು ಬೇಡ, ಇಂಥ ಜೋಡಿ ಬೇಕಾದಷ್ಟಿವೆ.

ಮೊದಲನೆಯದು: ನೀರು, ನಿಯಾಸಿನಮೈಡ್, ಪ್ರೊಪನೆಡಿಯಾಲ್, ಗ್ಲಿಸರಿನ್, ಪ್ಯಾಂಥೆನಾಲ್, ಝಾಂಥನ್ ಗಮ್, ಫಿನಾಕ್ಸಿಎಥನಾಲ್, ಎಥಿಲ್‌ಹೆಕ್ಸಿಲ್‌ಗ್ಲಿಸರಿನ್, ಅಲಾಂಟೊಯಿನ್, ಇಡಿಟಿಎ, ಸಿಟ್ರಿಕ್ ಆಸಿಡ್. ಒಟ್ಟು ಹನ್ನೊಂದು.

ಎರಡನೆಯದು: ನೀರು, ಆಲ್ಕೋಹಾಲ್ ಡಿನ್ಯಾಚರ್ಡ್, ನಿಯಾಸಿನಮೈಡ್, ಬ್ಯುಟಿಲೀನ್ ಗ್ಲೈಕಾಲ್, ಕಾರ್ಬೋಮರ್, ಕೇಸರಿ ಸಾರ, ಅತಿಮಧುರ ಸಾರ, ದಾಳಿಂಬೆ ಸಾರ, ಗ್ರೀನ್ ಟೀ ಸಾರ, ಸೋಡಿಯಂ ಹೈಲುರೋನೇಟ್, ಟೋಕೋಫೆರಾಲ್, ಫಿನಾಕ್ಸಿಎಥನಾಲ್, ಸೋಡಿಯಂ ಹೈಡ್ರಾಕ್ಸೈಡ್, ಇಡಿಟಿಎ, ಫ್ರಾಗ್ರೆನ್ಸ್, ಲಿನಲೂಲ್, ಲಿಮೊನೀನ್, ಒಂದು ಬಣ್ಣ. ಒಟ್ಟು ಹದಿನೆಂಟು.

ಎಣಿಸಿದವರು ಎರಡನೆಯದನ್ನೇ ಎತ್ತಿಕೊಳ್ಳುತ್ತಾರೆ. ಗೆರೆ ಎಳೆದು ನೋಡಿ. ಎರಡನೆಯದರಲ್ಲಿ ಆಲ್ಕೋಹಾಲ್ ನಿಯಾಸಿನಮೈಡ್‌ನ ಮೇಲಿದೆ, ಅಂದರೆ ಶೇ 5ಕ್ಕೆ ಕಡಿಮೆ ಇಲ್ಲ. ಕೆಂಪು ಗೆರೆ ಕಾರ್ಬೋಮರ್ ಮೇಲೆ ಬೀಳುತ್ತದೆ. ಕೇಸರಿ, ದಾಳಿಂಬೆ, ಅತಿಮಧುರ, ಗ್ರೀನ್ ಟೀ ನಾಲ್ಕೂ ಅದರ ಕೆಳಗೆ. ಗೆರೆಯ ಮೇಲೆ ಉಳಿದ ಜೊತೆ ಅಂಶಗಳು ನೀರು ಬಿಟ್ಟರೆ ಎರಡೇ: ಆಲ್ಕೋಹಾಲ್, ಬ್ಯುಟಿಲೀನ್ ಗ್ಲೈಕಾಲ್. ಮೊದಲನೆಯದರಲ್ಲಿ ನೀಲಿ ಮತ್ತು ಕೆಂಪು ಗೆರೆಗಳ ನಡುವೆ ನೀರು ಹಿಡಿಯುವವು ಎರಡಿವೆ, ಪ್ಯಾಂಥೆನಾಲ್ ಗೆರೆಗೆ ತಾಗಿಕೊಂಡಿದೆ, ಅದಕ್ಕೆ ಪ್ರಶ್ನೆಚಿಹ್ನೆ. ಪರಿಮಳವಿಲ್ಲ, ಬಣ್ಣವಿಲ್ಲ.

ಒಣ ಚರ್ಮ, ಸೂಕ್ಷ್ಮ ಚರ್ಮದವರಿಗೆ ಮೊದಲನೆಯದೇ. ಎಣ್ಣೆ ಚರ್ಮದವರಿಗೆ ಎರಡನೆಯದು ಹಚ್ಚಿದ ಅರೆ ನಿಮಿಷದಲ್ಲಿ ಆರಿ ಹಗುರ ಅನ್ನಿಸಬಹುದು, ಅದು ಆಲ್ಕೋಹಾಲ್‌ನ ಕೆಲಸ. ಹಾಗೆ ಅನ್ನಿಸುವುದಕ್ಕೆ 350 ರೂಪಾಯಿ ಜಾಸ್ತಿ ಕೊಡಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ನಾನಂತೂ ಕೊಡಲ್ಲ.

ಹಂತ 6: ಮುಖ್ಯ ಅಂಶಕ್ಕೆ ಜೊತೆಗಾರರು ಸರಿಯಾಗಿದ್ದಾರಾ

ಕೆಲವು ಮುಖ್ಯ ಅಂಶಗಳಿಗೆ ನಿರ್ದಿಷ್ಟ ಜೊತೆ ಬೇಕು. ಮೊಡವೆಗೆ ಬಳಸುವ ಸ್ಯಾಲಿಸಿಲಿಕ್ ಆಸಿಡ್ ಬರೀ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಅದರ ಪಟ್ಟಿಯಲ್ಲಿ ಗ್ಲೈಕಾಲ್, ಪ್ರೊಪನೆಡಿಯಾಲ್ ಅಥವಾ ಆಲ್ಕೋಹಾಲ್ ಮೇಲಿದ್ದರೆ ಅದನ್ನು ಕರಗಿಸಲು ಹಾಕಿರುತ್ತಾರೆ, ತಪ್ಪು ಹುಡುಕಬೇಡಿ.

ವಿಟಮಿನ್ ಸಿ, ಅಂದರೆ ಎಲ್-ಆಸ್ಕಾರ್ಬಿಕ್ ಆಸಿಡ್, ಚರ್ಮದೊಳಗೆ ಹೋಗಲು ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಗಾಳಿ ಬೆಳಕಿಗೆ ಬೇಗ ಕೆಡುತ್ತದೆ. ಜೊತೆಗೆ ಟೋಕೋಫೆರಾಲ್ (ಅದೇ ವಿಟಮಿನ್ ಇ), ಫೆರುಲಿಕ್ ಆಸಿಡ್ ಇದ್ದರೆ ಅದಕ್ಕೆ ಬೆಲೆ. ಶೇ 15 ವಿಟಮಿನ್ ಸಿ, ಶೇ 1 ವಿಟಮಿನ್ ಇ ಇದ್ದ ದ್ರಾವಣಕ್ಕೆ ಶೇ 0.5 ಫೆರುಲಿಕ್ ಸೇರಿಸಿದಾಗ ಬಿಸಿಲಿನಿಂದ ಸಿಗುವ ರಕ್ಷಣೆ ಸುಮಾರು ಎರಡರಷ್ಟಾಯಿತು ಅಂತ 2005ರ ಒಂದು ಅಧ್ಯಯನ ತೋರಿಸಿತ್ತು. ಇಲ್ಲಿ ನೋಡಿ, ಶೇ 1ರ ಗೆರೆಯ ಕೆಳಗಿರುವ ಅಂಶವೇ ದೊಡ್ಡ ಕೆಲಸ ಮಾಡುತ್ತಿದೆ. ಸೀರಮ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಎಸೆಯಿರಿ.

ರೆಟಿನಾಲ್‌ನ ಜೊತೆ ಬಿಎಚ್‌ಟಿ ಕಂಡರೆ ಮುಖ ಸಿಂಡರಿಸಬೇಡಿ, ಅದನ್ನು ಕೆಡದಂತೆ ನೋಡಿಕೊಳ್ಳುತ್ತಿರುವುದು ಅದೇ. ಒಂದೇ ಪಟ್ಟಿಯ ಎರಡು ರೆಟಿನಾಲ್ ಇದ್ದು, ಒಂದು ಅಗಲ ಬಾಯಿಯ ಡಬ್ಬಿ, ಇನ್ನೊಂದು ಬೆಳಕು ಬೀಳದ ಪಂಪ್ ಆದರೆ ಪಂಪ್‌ನದ್ದೇ ತಗೊಳ್ಳಿ.

ಹಂತ 7: ನಿಮ್ಮ ಊರಿನ ಗಾಳಿ ಲೆಕ್ಕಕ್ಕೆ ತಗೊಳ್ಳಿ

ಹಾಸನ ಜಿಲ್ಲೆಯಲ್ಲೇ ಎರಡು ಹವೆ ಇದೆ. ಸಕಲೇಶಪುರ, ಆಲೂರು ಕಡೆ ಜೂನ್ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಬಯಲು ಗಾಳಿ, ಬೋರ್‌ವೆಲ್‌ನ ಗಡಸು ನೀರು. ಒಂದೇ ಕ್ರೀಮ್ ಎರಡೂ ಕಡೆ ಒಂದೇ ಥರ ಇರುವುದಿಲ್ಲ.

ಅರಸೀಕೆರೆಯಲ್ಲಿರುವ ನಮ್ಮ ಚಿಕ್ಕಮ್ಮನ ಮಗಳು ಜನವರಿಯಲ್ಲಿ ಫೋನ್ ಮಾಡಿದ್ದಳು. "ಅಕ್ಕಾ, ಹೈಲುರೋನಿಕ್ ಹಚ್ಚಿದ ಹತ್ತೇ ನಿಮಿಷಕ್ಕೆ ಮುಖ ಬಿಗಿಯುತ್ತೆ, ನಕ್ಕರೆ ಕೆನ್ನೆ ಒಡೆಯುತ್ತೇನೋ ಅನ್ಸುತ್ತೆ." ಪಟ್ಟಿಯ ಫೋಟೋ ಹಾಕಿಸಿಕೊಂಡು ನೋಡಿದೆ. ನೀರು ಹಿಡಿಯುವವು ನಾಲ್ಕು, ಮುಚ್ಚುವುದು ಒಂದೂ ಇಲ್ಲ. ಒಣ ಗಾಳಿಯಲ್ಲಿ ಹಿಡಿದ ನೀರು ಹಾಗೇ ಹಾರಿಹೋಗುತ್ತದೆ. ಸೀರಮ್ ಬದಲಿಸಬೇಡ, ಮುಖ ಇನ್ನೂ ಒದ್ದೆ ಇರುವಾಗಲೇ ಹಚ್ಚಿ, ಅದರ ಮೇಲೆ ಡೈಮೆಥಿಕೋನ್ ಇರುವ ಸಾದಾ ಕ್ರೀಮ್ ಹಚ್ಚು ಅಂದೆ. ಮೂರನೆಯ ದಿನಕ್ಕೆ ಬಿಗಿತ ಹೋಯಿತು.

ಸಕಲೇಶಪುರದವರಿಗೆ ಮಳೆಗಾಲದಲ್ಲಿ ಇದರ ಉಲ್ಟಾ. ಶಿಯಾ ಬಟರ್, ಪೆಟ್ರೋಲೇಟಮ್ ಮೇಲಿರುವ ಕ್ರೀಮ್ ಹಚ್ಚಿದರೆ ಜಿಡ್ಡು ಕೂತು, ಹಣೆಯ ಮೇಲೆ ಸಣ್ಣ ಸಣ್ಣ ಗುಳ್ಳೆ. ಗ್ಲಿಸರಿನ್ ಇರುವ ಜೆಲ್ ಸಾಕು. ಹಾಸನ ಪೇಟೆಯ ನಾವು ನಡುವೆ ಇದ್ದೇವೆ: ಚಳಿಗಾಲದಲ್ಲಿ ಅರಸೀಕೆರೆಯವರ ಹಾಗೆ, ಜುಲೈನಲ್ಲಿ ಸಕಲೇಶಪುರದವರ ಹಾಗೆ.

ಹಂತ 8: ಕೈ ಮೇಲೆ, ಆಮೇಲೆ ಮುಖದ ಮೇಲೆ

ಪಟ್ಟಿ ಓದಿ ಸಿಗುವುದು ಅಂದಾಜು. ಕೊನೆಯ ಮಾತು ಚರ್ಮದ್ದು. ಎರಡೂ ಕೊಂಡಿದ್ದರೆ, ಅಥವಾ ಸ್ಯಾಂಪಲ್ ಸಿಕ್ಕಿದ್ದರೆ, ಎಡ ಮೊಣಕೈಯ ಒಳಮಡಿಕೆಗೆ ಒಂದು, ಬಲಕ್ಕೆ ಇನ್ನೊಂದು. ದಿನಕ್ಕೆ ಎರಡು ಸಲ, ಒಂದೇ ಜಾಗಕ್ಕೆ, ಏಳು ದಿನ. ಯಾವ ಕೈಗೆ ಯಾವುದು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ, ಮರೆಯುತ್ತದೆ. ಒಂದು ದಿನ ಹಚ್ಚಿ "ಏನೂ ಆಗಲಿಲ್ಲ" ಅಂತ ಮುಗಿಸಬೇಡಿ. ಅಲರ್ಜಿ ಎರಡು ಮೂರು ದಿನ ತಡವಾಗಿ ಬರುವುದೇ ಹೆಚ್ಚು.

ಕೈಗೆ ಒಗ್ಗಿದರೆ ಮುಖಕ್ಕೆ ಒಂದೇ ಒಂದು. ದವಡೆಯ ಪಕ್ಕ ಒಂದು ವಾರ, ಆಮೇಲೆ ಪೂರ್ತಿ ಮುಖ. ನಾಲ್ಕು ವಾರ ಆಗುವ ತನಕ ಹೊಸದು ಬೇರೇನೂ ಶುರುಮಾಡಬೇಡಿ. ಮದುವೆಗೆ ಹತ್ತು ದಿನ ಇದೆ ಅನ್ನುವಾಗ ಬರುವವರಿಗೆ ನಾನು ಏನನ್ನೂ ಮಾರುವುದಿಲ್ಲ, ಮನೆಯವರು ಬೈದರೂ ಸರಿ.

ಯಾವಾಗ ನಿಲ್ಲಿಸಬೇಕು? ಹಚ್ಚಿದಾಗ ಒಂದೆರಡು ನಿಮಿಷ ಚುರುಚುರು ಅಂದು ನಿಂತರೆ ಪರವಾಗಿಲ್ಲ. ಉರಿ ನಿಲ್ಲದಿದ್ದರೆ ತಣ್ಣೀರಲ್ಲಿ ತೊಳೆದು ಬಿಟ್ಟುಬಿಡಿ. ಹಚ್ಚಿದ ಜಾಗ ದಾಟಿ ಹರಡುವ ಕೆಂಪು, ತುರಿಕೆಯ ಗುಳ್ಳೆ, ಕಣ್ಣಿನ ರೆಪ್ಪೆ ಊದುವುದು, ಇವಕ್ಕೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಬಾಕ್ಸ್ ಜೊತೆಗಿರಲಿ. ಖಾಲಿ ಬಾಕ್ಸ್ ಎಸೆದು "ಏನೋ ನೀಲಿ ಬಣ್ಣದ್ದು" ಅಂದರೆ ಅವರೇನು ಮಾಡಿಯಾರು?

"ಒಳಗಿನ ಕೊಳೆ ಹೊರಗೆ ಬರುತ್ತಿದೆ, ಮೊಡವೆ ಬಂದರೆ ಒಳ್ಳೆಯದೇ" ಅನ್ನುವ ಮಾತು ನಂಬಬೇಡಿ. ಮೊದಲ ಕೆಲವು ವಾರ ಮೊಡವೆ ಜಾಸ್ತಿಯಾಗುವುದು ರೆಟಿನಾಲ್ ಜಾತಿಯವು, ಚರ್ಮ ಬಿಡಿಸುವ ಆಸಿಡ್‌ಗಳಲ್ಲಿ ಇದೆ. ಸಾದಾ ಮಾಯಿಶ್ಚರೈಸರ್ ಹಚ್ಚಿ ಮೊಡವೆ ಎದ್ದರೆ ಅದು ನಿಮಗೆ ಆಗಿಬರಲಿಲ್ಲ ಅಂತಲೇ ಅರ್ಥ.

ಹಂತ 9: ಬೆಲೆ ಕೊನೆಗೆ

ಬೆಲೆಯನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ಮೊದಲೇ ನೋಡಿದರೆ ದುಬಾರಿಯದ್ದರ ಪಟ್ಟಿಯಲ್ಲಿ ಒಳ್ಳೆಯದನ್ನೇ ಹುಡುಕುತ್ತೇವೆ. ಎಂಎಲ್‌ಗೆ ಎಷ್ಟು ಅಂತ ಭಾಗಿಸಿ: 299ರದ್ದು ಸುಮಾರು 10 ರೂಪಾಯಿ, 649ರದ್ದು ಸುಮಾರು 21.60. ಪ್ಯಾಕ್ ಗಾತ್ರ ಬೇರೆ ಇದ್ದಾಗ ಈ ಲೆಕ್ಕ ಇನ್ನೂ ಮುಖ್ಯ. ದೊಡ್ಡದು ಅಗ್ಗ ಅಂತ ಕಂಡರೂ ತೆರೆದ ಮೇಲೆ ಎಷ್ಟು ತಿಂಗಳು ಬಾಳುತ್ತದೆ ನೋಡಿ. ಬಾಯಿ ತೆರೆದ ಪುಟ್ಟ ಡಬ್ಬಿಯ ಚಿತ್ರದಲ್ಲಿ 6 ಅಥವಾ 12 ಅಂತ ಬರೆದಿರುತ್ತದೆ, ಅಷ್ಟು ತಿಂಗಳು.

ತೆರೆದ ದಿನವೇ ಬಾಟಲಿಯ ತಳದಲ್ಲಿ ಮಾರ್ಕರ್‌ನಿಂದ ತಾರೀಕು ಬರೆಯಿರಿ. ಬಾಕ್ಸ್‌ನ ಪಟ್ಟಿ ಇರುವ ಬದಿಯನ್ನು ಕತ್ತರಿಸಿ ನೋಟ್‌ಬುಕ್‌ನ ಆ ಪುಟಕ್ಕೇ ಅಂಟಿಸಿ. ಮುಂದಿನ ಬಾಟಲಿ ತಂದಾಗ ಅದರ ಪಕ್ಕ ಇಟ್ಟು ನೋಡಿ. ಹೆಸರು ಅದೇ ಇದ್ದು ಸಾಲುಗಳು ಬದಲಾಗಿದ್ದರೆ, ಅದು ಹೊಸ ವಸ್ತು. ಮತ್ತೆ ಮೊಣಕೈಯಿಂದ ಶುರು.